ಪುನರ್ಪುಳಿಯ ಬೀಜವೂ ಪರದೇಶದ ತಾಳೆಯೆಣ್ಣೆಯೂ

ಬಂಟ್ವಾಳದಲ್ಲಾಗಲಿ, ಬೆಳ್ತಂಗಡಿ ಮೂಡಬಿದಿರೆಗಳಲ್ಲಾಗಲಿ ಅಂಗಡಿಯಿಂದ ತಂದ ಸಾಬೂನಿನ ಹೊದಿಕೆಯ ಮೇಲಿನ ಸಣ್ಣಕ್ಷರಗಳನ್ನು ವಾಚಕರು ಒಮ್ಮೆ ಓದಿನೋಡಬೇಕೆಂದು ಬಿನ್ನವಿಸುತ್ತೇವೆ. ಹಲವು ಸಾಬೂನುಗಳಲ್ಲಿ ‘ಸೋಡಿಯಂ ಪಾಮೇಟ್’ ಎಂಬ ಹೆಸರೇ ಮೊದಲಿರುವುದು. ತಾಳೆಯೆಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿದಾಗ ಉಂಟಾಗುವ ವಸ್ತುವಿದು. ತೆಂಗಿನ ತೋಟಗಳ ನಡುವೆ ಬಾಳುವ ನಾವು ಮೈ ತೊಳೆಯುವುದಕ್ಕೆ ಸುಮಾತ್ರ, ಬೋರ್ನಿಯೋ ದ್ವೀಪಗಳ ಎಣ್ಣೆಗೆ ಕಾದಿರುವಂತಾದುದು ಸೋಜಿಗವಲ್ಲವೇ?

ಲೋಕದ ತಾಳೆಯೆಣ್ಣೆಯಲ್ಲಿ ನೂರಕ್ಕೆ 80ಕ್ಕೂ ಮಿಗಿಲಾದ ಪಾಲು ಇಂಡೊನೇಶ್ಯ, ಮಲೇಶ್ಯಗಳದು. ಅದನ್ನು ಅತ್ಯಧಿಕವಾಗಿ ತರಿಸಿಕೊಳ್ಳುವ ದೇಶ ನಮ್ಮದೇ. ಆ ತೋಟಗಳಿಗಾಗಿ ಕಾಡು ಕಡಿದರು, ಜೌಗುನೆಲವನ್ನು ಬಸಿದು ಒಣಗಿಸಿದರು. ನೆಲ ತೆರವು ಮಾಡಲು ಹಚ್ಚಿದ ಬೆಂಕಿಯ ಹೊಗೆ 1997ರಲ್ಲಿಯೂ 2015ರಲ್ಲಿಯೂ ಸಿಂಗಾಪುರದವರೆಗೆ ಮುಸುಕಿತು. ಒರಾಂಗುಟಾನ್ ವಾನರಗಳು ನೆಲೆ ತಪ್ಪಿದವು. ಕುದುರೆಮುಖದ ಕಾಡನ್ನು ಬೆನ್ನಿಗಿಟ್ಟುಕೊಂಡ ಬೆಳ್ತಂಗಡಿಯವರಿಗೆ, ಗುಡ್ಡಗಳ ಮೇಲೆ ರಬ್ಬರು ಹಬ್ಬಿದುದನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ತಾಳೆಯ ಮರವನ್ನೇ ಶಪಿಸುವುದು ನ್ಯಾಯವಲ್ಲ. ಒಂದು ಎಕರೆಯಲ್ಲಿ ಅದು ಕೊಡುವಷ್ಟು ಎಣ್ಣೆಯನ್ನು ತೆಂಗು ಕೊಡಲಾರದು. ಎಲ್ಲರೂ ತೆಂಗಿಗೇ ತಿರುಗಿದರೆ ಇನ್ನಷ್ಟು ನೆಲ ಬೇಕಾದೀತು. ಮೇಲಾಗಿ 2025ರಲ್ಲಿ ತೆಂಗಿನೆಣ್ಣೆಯ ಕ್ರಯ ಏರಿದ ಪರಿಯನ್ನು ಯಾರೂ ಮರೆತಿಲ್ಲ. ಬರಿಯ ತೆಂಗಿನೆಣ್ಣೆಯ ಸಾಬೂನು ಉಪ್ಪುನೀರಿನಲ್ಲಿಯೂ ನೊರೆ ಕೊಡುವುದು ನಿಜ. ಆದರೆ ಬೇಗ ಕರಗುವುದು, ಚರ್ಮವನ್ನೂ ಒಣಗಿಸುವುದು. ಈ ಕೊರತೆಯನ್ನು ತುಂಬಲೆಂದೇ ತಯಾರಕರು ತಾಳೆಯೆಣ್ಣೆಯನ್ನು ಬೆರೆಸುತ್ತಾರೆ.

ಆ ಕೊರತೆಗೆ ಮದ್ದು ನಮ್ಮ ಹಿತ್ತಿಲಲ್ಲಿಯೇ ಇದೆ. ಬೇಸಗೆಯಲ್ಲಿ ಪುನರ್ಪುಳಿಯ ಸಿಪ್ಪೆಯನ್ನು ಒಣಗಿಸಿ, ಶರಬತ್ತು ಮಾಡಿ, ಬೀಜವನ್ನು ತಿಪ್ಪೆಗೆ ಎಸೆಯುತ್ತೇವೆ. ಬೀಜದ ತೂಕದಲ್ಲಿ ಸುಮಾರು ಕಾಲುಪಾಲು ಗಟ್ಟಿಯಾದ ಕೊಬ್ಬು! ಹಿಂದಿನವರು ಅದನ್ನು ಕುದಿಸಿ ತೆಗೆದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ತೆಂಗಿನೆಣ್ಣೆಯೊಡನೆ ಇದನ್ನು ಬೆರೆಸಿದರೆ ಸಾಬೂನು ಗಟ್ಟಿಯಾಗಿ ಹೆಚ್ಚುದಿನ ಬಾಳುವುದು, ಚರ್ಮಕ್ಕೂ ಹಿತ. ಇದಕ್ಕೆ ಹೊಸದಾಗಿ ಒಂದು ಅಂಗುಲ ಕಾಡನ್ನೂ ಕಡಿಯಬೇಕಾಗಿಲ್ಲ. ಧೂಪದ ಮರದ ಬೀಜದಲ್ಲಿಯೂ ಇಂಥ ಕೊಬ್ಬುಂಟು. ಆದರೆ ಪಶ್ಚಿಮಘಟ್ಟದ ಹೊರತು ಬೇರೆಲ್ಲಿಯೂ ಹುಟ್ಟದ, ವಿರಳವಾಗುತ್ತಿರುವ ಆ ಮರದ ಬೀಜವನ್ನು ಮೊಳೆಯಲು ಬಿಡುವುದೇ ಲೇಸು.

ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋವನ್ನು ಕಟ್ಟಿದರು. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಇಂಥ ಜಿಲ್ಲೆಗೆ ಒಂದು ಸಾಬೂನು ಅಸಾಧ್ಯವೇ? ಈ ಮೂರು ತಾಲೂಕುಗಳ ಸಹಕಾರ ಸಂಘಗಳೂ ಸ್ತ್ರೀಯರ ಸ್ವಸಹಾಯ ಸಂಘಗಳೂ ಬರುವ ಬೇಸಗೆಯಲ್ಲಿ ಈ ಬೀಜಕ್ಕೆ ಕಿಲೋಗೆ ಇಂತಿಷ್ಟೆಂದು ಕ್ರಯ ಗೊತ್ತುಮಾಡಲಿ, ಮಳೆಗೆ ಮುನ್ನ ಒಣಗಿಸಿ ಕೂಡಿಡಲಿ. ಸಾಬೂನು ತಯಾರಾದ ದಿನ, ಅದರ ಹೊದಿಕೆಯ ಮೇಲೆ ಯಾವ ಎಣ್ಣೆ ಎಷ್ಟೆಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸಲಿ.