ಜೀಪಿನ ವೈರ್‌ಲೆಸ್: ವಾಟ್ ಏರಿಸುವ ಮುನ್ನ ತಂತಿ ನೋಡಿ

ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ವಿದ್ಯುತ್ ಕೈಕೊಟ್ಟರೆ, ಅದರ ಬೆನ್ನಿಗೇ ಮೊಬೈಲ್ ಗೋಪುರಗಳೂ ಮೌನವಾಗುವುದುಂಟು. ಮರ ಉರುಳಿ ದಾರಿ ಮುಚ್ಚಿದಾಗ, ಹಳ್ಳ ಉಕ್ಕಿ ಕಾರ್ಮಿಕರ ತಂಡವೊಂದು ಆಚೆ ದಡದಲ್ಲಿ ಸಿಲುಕಿದಾಗ, ತೋಟದ ಕಚೇರಿಗೂ ಜೀಪಿಗೂ ನಡುವೆ ಉಳಿಯುವ ಸಂಪರ್ಕವೆಂದರೆ ದ್ವಿಮುಖ ರೇಡಿಯೋ. ವಾಡಿಕೆಯ ಮಾತಿನಲ್ಲಿ ವೈರ್‌ಲೆಸ್ ಸೆಟ್. ಸಂಡೂರು ಭಾಗದ ಅದಿರಿನ ಗಣಿಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ ಸಿಡಿಮದ್ದು ಹಚ್ಚುವ ಮುನ್ನ ಎಲ್ಲ ವಾಹನಗಳೂ ದೂರ ಸರಿದಿವೆಯೆಂದು ಖಚಿತಪಡಿಸಿಕೊಳ್ಳುವಾಗಲೂ ಇಂತಹ ಸೆಟ್‌ನ ಮಹತ್ವ ಅರಿವಾಗುತ್ತದೆ. ಇಲ್ಲಿ ಒಂದು ಮಾತು ಕೇಳಿಸದೆ ಹೋದರೆ ಆಗುವ ನಷ್ಟವನ್ನು ರೂಪಾಯಿಗಳಲ್ಲಿ ಮಾತ್ರ ಲೆಕ್ಕ ಹಾಕಲಾಗದು.

ಹತ್ತಾರು ವರ್ಷಗಳ ಹಿಂದೆ ಕೂರಿಸಿದ ಇಂತಹ ಅನೇಕ ಸೆಟ್‌ಗಳು ಈಗ ಬದಲಾವಣೆಯ ಹಂತ ತಲುಪಿವೆ. ಧ್ವನಿ ಕ್ಷೀಣವಾಗಿದೆ, ದೂರ ಕಡಿಮೆಯಾಗಿದೆ ಎಂಬ ದೂರು ಬಂದೊಡನೆ ಮಾಲೀಕರು ಹೆಚ್ಚು ವಾಟ್‌ನ ಹೊಸ ಸೆಟ್ ಕೊಳ್ಳಲು ಮುಂದಾಗುವುದು ಸಾಮಾನ್ಯ. ಹೊಸ ಸೆಟ್ಟನ್ನು ಹಳೆಯ ಆಂಟೆನಾ, ಹಳೆಯ ಕೇಬಲ್, ಹಳೆಯ ಫ್ಯೂಸ್‌ಗಳಿಗೇ ಜೋಡಿಸಲಾಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ದೂರು ಮತ್ತೆ ಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಪೆಟ್ಟಿಗೆಯಲ್ಲಲ್ಲ, ಪೆಟ್ಟಿಗೆಯ ಎರಡೂ ತುದಿಗಳಲ್ಲಿ: ಒಂದೆಡೆ ಆಂಟೆನಾ, ಇನ್ನೊಂದೆಡೆ ಬ್ಯಾಟರಿ. ಹಣ ಹೂಡುವವರು ಮೊದಲು ಅರಿಯಬೇಕಾದ ವಿಷಯ ಇದಾಗಿದೆ.

ವಾಟ್‌ನ ಲೆಕ್ಕ

ಪ್ರಸಾರ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ದೊರೆಯುವ ಲಾಭ ಕೇವಲ 3 ಡೆಸಿಬೆಲ್. ಯಾವ ಅಡೆತಡೆಯೂ ಇಲ್ಲದ ಮುಕ್ತ ಅವಕಾಶದಲ್ಲಿ ಸಹ ದೂರ ಎರಡರಷ್ಟಾಗಬೇಕಾದರೆ ಶಕ್ತಿ ನಾಲ್ಕರಷ್ಟಾಗಬೇಕು. ನೆಲಮಟ್ಟದಲ್ಲಿ, ಮರಗಿಡಗಳ ನಡುವೆ, ಅದಕ್ಕಿಂತಲೂ ಬಹಳ ಹೆಚ್ಚು ಬೇಕಾಗುತ್ತದೆ. ನಡುವೆ ಒಂದು ಗುಡ್ಡ ಅಡ್ಡ ಬಂದರೆ 25 ವಾಟ್‌ಗೂ 50 ವಾಟ್‌ಗೂ ಇರುವ ವ್ಯತ್ಯಾಸ ಅನುಭವಕ್ಕೆ ಬರುವುದೇ ಕಷ್ಟ. ಅಂತಹ ಕಡೆ ಎತ್ತರದ ಸ್ಥಳದಲ್ಲಿ ಮಾತನ್ನು ಸ್ವೀಕರಿಸಿ ಮರುಪ್ರಸಾರ ಮಾಡುವ ರಿಪೀಟರ್ ಇಡುವುದು, ಇಲ್ಲವೇ ಕಚೇರಿಯ ಆಂಟೆನಾವನ್ನು ಇನ್ನಷ್ಟು ಎತ್ತರಕ್ಕೆ ಏರಿಸುವುದು ಪರಿಹಾರವೇ ಹೊರತು ಜೀಪಿನಲ್ಲಿ ವಾಟ್ ಏರಿಸುವುದಲ್ಲ.

ಇನ್ನೊಂದು ಅಂಶವೂ ಇದೆ. ಹೆಚ್ಚಿದ ವಾಟ್ ಜೀಪಿನಿಂದ ಹೊರಡುವ ಮಾತಿಗೆ ಮಾತ್ರ ಬಲ ನೀಡುತ್ತದೆ. ಜೀಪಿಗೆ ಬರುವ ಮಾತಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಕಚೇರಿಯವರಿಗೆ ಚಾಲಕನ ಮಾತು ಕೇಳಿಸುತ್ತದೆ, ಚಾಲಕನಿಗೆ ಕಚೇರಿಯ ಉತ್ತರ ಕೇಳಿಸುವುದಿಲ್ಲ ಎಂಬ ವಿಚಿತ್ರ ಸ್ಥಿತಿ ಉಂಟಾಗುವುದು ಹೀಗೆಯೇ. ಉತ್ತಮ ಆಂಟೆನಾವಾದರೋ ಹೋಗುವ ಮಾತಿಗೂ ಬರುವ ಮಾತಿಗೂ ಸಮಾನವಾಗಿ ನೆರವಾಗುತ್ತದೆ.

ಆಂಟೆನಾ ಮತ್ತು ಕೇಬಲ್

ವಾಹನದ ಸಾಮಾನ್ಯ ಆಂಟೆನಾ ತರಂಗದ ಉದ್ದದ ಕಾಲು ಭಾಗದಷ್ಟಿರುತ್ತದೆ. 150 ಮೆಗಾಹರ್ಟ್ಸ್ ಸುಮಾರಿನ ವಿಎಚ್‌ಎಫ್ ಸೆಟ್‌ಗೆ ಅದು ಸುಮಾರು ಅರ್ಧ ಮೀಟರ್. 450 ಮೆಗಾಹರ್ಟ್ಸ್ ಸುಮಾರಿನ ಯುಎಚ್‌ಎಫ್ ಸೆಟ್‌ಗೆ ಸುಮಾರು 17 ಸೆಂಟಿಮೀಟರ್. ಈ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಉಳಿದರ್ಧದ ಕೆಲಸವನ್ನು ಅದರ ಬುಡದ ಸುತ್ತಲಿನ ಲೋಹದ ತಗಡು ಮಾಡುತ್ತದೆ. ಆದುದರಿಂದ ಲೋಹದ ಚಾವಣಿಯ ನಡುಭಾಗವೇ ಅತ್ಯುತ್ತಮ ಸ್ಥಾನ. ಕ್ಯಾನ್ವಾಸ್ ಅಥವಾ ಫೈಬರ್ ಹೊದಿಕೆಯ ಜೀಪುಗಳಲ್ಲಿ ಇಂತಹ ತಗಡು ಇರುವುದಿಲ್ಲ. ಅಲ್ಲಿ ಬಾನೆಟ್ ಅಂಚಿನಲ್ಲಿ ಆಂಟೆನಾ ಕೂರಿಸಬಹುದು, ಇಲ್ಲವೇ ತಗಡಿನ ಆಸರೆ ಬೇಡದ ಅರ್ಧ ತರಂಗದ ಆಂಟೆನಾವನ್ನು ಆರಿಸಿಕೊಳ್ಳಬಹುದು. ಬಂಪರ್‌ನಲ್ಲಿ ತೀರ ಕೆಳಗೆ ಕೂರಿಸಿದ ಆಂಟೆನಾಕ್ಕೆ ವಾಹನದ ಮೈಯೇ ಒಂದು ಕಡೆ ಗೋಡೆಯಾಗುತ್ತದೆ. ಚಾವಣಿಯ ಕ್ಯಾರಿಯರ್ ಮೇಲೆ ಹೇರಿದ ಕಬ್ಬಿಣದ ಸಾಮಾನು ಪಕ್ಕದಲ್ಲೇ ಇದ್ದರೂ ಇದೇ ಫಲ.

ಕೇಬಲ್ಲಿನ ವಿಷಯದಲ್ಲಿ ಅಗ್ಗದ ಆಯ್ಕೆ ದುಬಾರಿಯಾಗಿ ಪರಿಣಮಿಸುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಆರ್‌ಜಿ-58 ಮಾದರಿಯ ಕೇಬಲ್ 5 ಮೀಟರ್ ಉದ್ದವಿದ್ದರೆ, ವಿಎಚ್‌ಎಫ್‌ನಲ್ಲಿ ಶಕ್ತಿಯ ಸುಮಾರು ಐದನೆಯ ಒಂದು ಪಾಲನ್ನೂ, ಯುಎಚ್‌ಎಫ್‌ನಲ್ಲಿ ಸುಮಾರು ಮೂರನೆಯ ಒಂದು ಪಾಲನ್ನೂ ತಾನೇ ನುಂಗುತ್ತದೆ. ಇದು ಹೊಸ ಕೇಬಲ್ಲಿನ ಮಾತು. ಕನೆಕ್ಟರ್ ಮೂಲಕ ನೀರು ಒಳಸೇರಿ ತಾಮ್ರದ ಹೆಣಿಗೆ ಕಪ್ಪಾದ ಮೇಲೆ ನಷ್ಟಕ್ಕೆ ಮಿತಿಯೇ ಇಲ್ಲ. ಬಾಗಿಲ ಸಂದಿಯಲ್ಲಿ ಜಜ್ಜಿದ ಕೇಬಲ್, ಸುರುಳಿ ಸುತ್ತಿ ಸೀಟಿನಡಿ ತುರುಕಿದ ಹೆಚ್ಚುವರಿ ಉದ್ದ, ಬೆಸುಗೆ ಬಿಟ್ಟ ಕನೆಕ್ಟರ್ ಇವೆಲ್ಲ ಜೀಪುಗಳಲ್ಲಿ ನಿತ್ಯ ಕಾಣುವ ದೋಷಗಳು.

ಈ ದೋಷಗಳನ್ನು ಕಂಡುಹಿಡಿಯಲು ಸೆಟ್‌ಗೂ ಆಂಟೆನಾಕ್ಕೂ ನಡುವೆ ಜೋಡಿಸುವ ಎಸ್‌ಡಬ್ಲ್ಯೂಆರ್ ಮೀಟರ್ ಎಂಬ ಸಣ್ಣ ಉಪಕರಣ ನೆರವಾಗುತ್ತದೆ. ಅದು 1.5ಕ್ಕಿಂತ ಕಡಿಮೆ ತೋರಿಸಿದರೆ ಸಮಾಧಾನಕರ. 3 ತೋರಿಸಿದರೆ ಶಕ್ತಿಯ ನಾಲ್ಕನೆಯ ಒಂದು ಪಾಲು ಆಂಟೆನಾದಿಂದ ಹಿಂದಿರುಗುತ್ತಿದೆಯೆಂದು ಅರ್ಥ. ಅಂತಹ ಸ್ಥಿತಿಯಲ್ಲಿ ಅನೇಕ ಆಧುನಿಕ ಸೆಟ್‌ಗಳು ತಮ್ಮ ರಕ್ಷಣೆಗಾಗಿ ತಾವೇ ಶಕ್ತಿಯನ್ನು ಇಳಿಸಿಕೊಳ್ಳುತ್ತವೆ; ರಕ್ಷಣೆಯಿಲ್ಲದ ಸೆಟ್‌ಗಳ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಆದರೆ ನೀರು ಹೊಕ್ಕ ಕೇಬಲ್ ಹಿಂದಿರುಗುವ ಶಕ್ತಿಯನ್ನೂ ನುಂಗಿ ಮೀಟರಿನಲ್ಲಿ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಆದ್ದರಿಂದ ಹಳೆಯ ಕೇಬಲ್ಲನ್ನು ಮೀಟರ್ ನೋಡಿ ಉಳಿಸಿಕೊಳ್ಳುವುದಕ್ಕಿಂತ ಬದಲಿಸುವುದೇ ಲೇಸು.

ಬ್ಯಾಟರಿಯಿಂದ ಸೆಟ್‌ಗೆ

25 ವಾಟ್‌ನ ವಾಹನ ಸೆಟ್ ಮಾತನಾಡುವಾಗ 6ರಿಂದ 8 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಬ್ಯಾಟರಿಯಿಂದ 3 ಮೀಟರ್ ದೂರದ ಸೆಟ್‌ಗೆ 1 ಚದರ ಮಿಲಿಮೀಟರ್‌ನ ತೆಳು ತಂತಿ ಎಳೆದರೆ, ಹೋಗಿಬರುವ ಎರಡು ತಂತಿಗಳಲ್ಲೇ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿಲಿಮೀಟರ್‌ನ ತಂತಿಯಲ್ಲಿ ಈ ನಷ್ಟ 0.2 ವೋಲ್ಟ್ ಸಹ ಮುಟ್ಟುವುದಿಲ್ಲ. ಎಂಜಿನ್ ನಿಲ್ಲಿಸಿದ ಜೀಪಿನಲ್ಲಿ, ಬ್ಯಾಟರಿ ದುರ್ಬಲವಾಗಿರುವಾಗ, ಈ ಅರ್ಧ ವೋಲ್ಟಿನ ವ್ಯತ್ಯಾಸವೇ ಸೆಟ್ ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಬಹುದು.

ಸಿಗರೇಟ್ ಲೈಟರ್ ಸಾಕೆಟ್‌ನಿಂದ ವಾಹನ ಸೆಟ್‌ಗೆ ವಿದ್ಯುತ್ ತೆಗೆಯುವುದು ಸೂಕ್ತವಲ್ಲ. ಅದರ ಹಿಡಿತ ಕುಲುಕಾಟಕ್ಕೆ ಸಡಿಲಗೊಳ್ಳುತ್ತದೆ. ನೇರವಾಗಿ ಬ್ಯಾಟರಿಯಿಂದಲೇ ತಂತಿ ಎಳೆದು, ಫ್ಯೂಸನ್ನು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರ ಇಡತಕ್ಕದ್ದು. ಸೆಟ್ ಬಳಿ ಮಾತ್ರ ಫ್ಯೂಸ್ ಇದ್ದು, ದಾರಿಯಲ್ಲಿ ತಂತಿ ತರಚಿ ಬಾಡಿಗೆ ತಾಗಿದರೆ ವಾಹನಕ್ಕೆ ಬೆಂಕಿ ತಗಲುವ ಅಪಾಯವಿದೆ. ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳೆಯಂತಹ ಸದ್ದು ಆಲ್ಟರ್ನೇಟರ್‌ನಿಂದ ಬರುವಂಥದು. ಬ್ಯಾಟರಿಯ ನೇರ ಸಂಪರ್ಕದಿಂದ, ಶುದ್ಧವಾದ ಅರ್ಥಿಂಗ್‌ನಿಂದ ಅದು ಬಹುಮಟ್ಟಿಗೆ ತಗ್ಗುತ್ತದೆ.

ಟಿಪ್ಪರ್ ಮತ್ತಿತರ ಭಾರಿ ವಾಹನಗಳಲ್ಲಿರುವುದು 24 ವೋಲ್ಟ್. ಅಲ್ಲಿ ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯುವ ಅಡ್ಡದಾರಿ ಎರಡೂ ಬ್ಯಾಟರಿಗಳ ಆಯುಸ್ಸನ್ನು ಕುಗ್ಗಿಸುತ್ತದೆ. ಸೂಕ್ತ ಸಾಮರ್ಥ್ಯದ ಕನ್ವರ್ಟರ್ ಅಳವಡಿಸುವುದೇ ಸರಿಯಾದ ಕ್ರಮ. ಎಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಹೊಸ ವಾಹನಗಳಲ್ಲಿ ಆಂಟೆನಾ ಕೇಬಲ್ಲನ್ನು ಎಂಜಿನ್ ನಿಯಂತ್ರಣದ ವೈರಿಂಗ್‌ನಿಂದ ದೂರವಿಡಬೇಕು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಸೆಟ್ಟನ್ನಾಗಲಿ ಮೈಕನ್ನಾಗಲಿ ಕೂರಿಸಬಾರದು.

ಅನಲಾಗ್‌ನಿಂದ ಡಿಜಿಟಲ್‌ಗೆ

ಇಷ್ಟೆಲ್ಲ ಸರಿಪಡಿಸಿದ ಮೇಲೂ ಸೆಟ್ ಬದಲಿಸಬೇಕಾದರೆ ಡಿಜಿಟಲ್ ಮಾದರಿಯ ಪ್ರಶ್ನೆ ಏಳುತ್ತದೆ. ಯೂರೋಪಿನ ಮಾನಕ ಸಂಸ್ಥೆ ರೂಪಿಸಿದ ಡಿಎಂಆರ್ ಪದ್ಧತಿಯಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು ಕಾಲದ ಎರಡು ಸರದಿಗಳಾಗಿ ಹಂಚಿ, ಏಕಕಾಲಕ್ಕೆ ಎರಡು ಸಂಭಾಷಣೆ ನಡೆಸಬಹುದು. ಧ್ವನಿಯಲ್ಲಿ ಕರಕರ ಸದ್ದಿಲ್ಲ. ಆದರೆ ಅನಲಾಗ್ ಸೆಟ್ ದೂರ ಹೋದಂತೆ ಸದ್ದಿನೊಳಗೆ ಮಾತು ಮೆಲ್ಲನೆ ಮುಳುಗಿ ಮುನ್ನೆಚ್ಚರಿಕೆ ಕೊಡುತ್ತದೆ. ಡಿಜಿಟಲ್ ಸೆಟ್ ಕೊನೆಯವರೆಗೂ ಸ್ಪಷ್ಟವಾಗಿದ್ದು ಥಟ್ಟನೆ ನಿಂತುಬಿಡುತ್ತದೆ. ಚಾಲಕರಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸುವುದು ಅವಶ್ಯ.

ಡಿಜಿಟಲ್‌ನಲ್ಲಿ ಆಡಿದ ಮಾತು ಹಳೆಯ ಅನಲಾಗ್ ಸೆಟ್‌ಗೆ ತಿಳಿಯುವುದಿಲ್ಲ. ಆದ್ದರಿಂದ ಹತ್ತು ವಾಹನಗಳ ಪೈಕಿ ಎರಡಕ್ಕೆ ಮಾತ್ರ ಡಿಜಿಟಲ್ ಸೆಟ್ ಹಾಕಿಸಿದರೆ ಆ ಎರಡು ವಾಹನಗಳು ಉಳಿದವುಗಳಿಂದ ಬೇರ್ಪಡುತ್ತವೆ. ಎರಡೂ ವಿಧಾನಗಳಲ್ಲಿ ಕೆಲಸ ಮಾಡುವ ಸೆಟ್‌ಗಳನ್ನು ಕೊಂಡು, ಕೊನೆಯ ವಾಹನದ ಸೆಟ್ ಬದಲಾಗುವವರೆಗೂ ಅನಲಾಗ್‌ನಲ್ಲೇ ನಡೆಸಿ, ನಂತರ ಒಂದೇ ದಿನ ಎಲ್ಲವನ್ನೂ ಬದಲಿಸುವುದು ವಿವೇಕ. ಹಳೆ-ಹೊಸ ಸೆಟ್‌ಗಳ ಬೆರಕೆ ಎಲ್ಲೆಡೆಯ ಸಮಸ್ಯೆಯೇ. ಜೀಪುಗಳಲ್ಲಿ ಇಂತಹ ಸೆಟ್ ಸರ್ವೇಸಾಮಾನ್ಯವಾಗಿರುವ ಆಸ್ಟ್ರೇಲಿಯಾದಲ್ಲಿ 2011ರಲ್ಲಿ ಸಾರ್ವಜನಿಕ ಯುಎಚ್‌ಎಫ್ ಚಾನೆಲ್‌ಗಳನ್ನು ಕಿರಿದುಗೊಳಿಸಿ 40ರಿಂದ 80ಕ್ಕೆ ಏರಿಸಲಾಯಿತು. ಎರಡೂ ಅನಲಾಗ್ ಆಗಿದ್ದರೂ ಹೊಸ ಸೆಟ್‌ನ ಮಾತು ಹಳೆಯದರಲ್ಲಿ ಸಣ್ಣದಾಗಿ ಕೇಳಿಸುವ ತೊಡಕು ಉಂಟಾಯಿತು.

ಮೊಬೈಲ್ ಜಾಲದ ಮೂಲಕ ಕೆಲಸ ಮಾಡುವ, ಸಿಮ್ ಕಾರ್ಡ್ ಹಾಕುವ ಸೆಟ್‌ಗಳೂ 'ದೂರಕ್ಕೆ ಮಿತಿಯಿಲ್ಲ' ಎಂಬ ಪ್ರಚಾರದೊಂದಿಗೆ ಮಾರಾಟವಾಗುತ್ತಿವೆ. ನಗರದ ಸರಕು ಸಾಗಣೆಗೆ ಅವು ಉಪಯುಕ್ತ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಮಾತನಾಡಲೆಂದೇ ವೈರ್‌ಲೆಸ್ ಕೊಳ್ಳುವವರಿಗೆ ಅವುಗಳಿಂದ ಪ್ರಯೋಜನವಿಲ್ಲ.

ಪರವಾನಗಿ ಮೊದಲು, ಖರೀದಿ ನಂತರ

ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ಈ ಹಂತದಲ್ಲಿ. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಹೊಂದಿರುವುದನ್ನೇ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಅಪರಾಧವೆಂದು ಪರಿಗಣಿಸಿತು. ರೇಡಿಯೋ ಉಪಕರಣ ಹೊಂದಲು ಅನುಮತಿ ಬೇಕೆಂಬ ತತ್ತ್ವವನ್ನು 2023ರ ದೂರಸಂಪರ್ಕ ಕಾಯ್ದೆಯೂ ಮುಂದುವರಿಸಿದೆ. ಸಂಸ್ಥೆಯೊಂದು ತನ್ನ ಸ್ವಂತ ಬಳಕೆಗೆ 25 ವಾಟ್‌ನ ವಾಹನ ಸೆಟ್‌ಗಳನ್ನು ಇಡಬೇಕಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದಿಂದ ತರಂಗಾಂತರ ಹಂಚಿಕೆ ಮತ್ತು ಪರವಾನಗಿ ಪಡೆಯಬೇಕು. ಇಲಾಖೆಯ 'ಸರಳ ಸಂಚಾರ್' ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಹಳೆಯ ಪರವಾನಗಿ ಇರುವವರು ಸೆಟ್‌ಗಳ ಸಂಖ್ಯೆ, ಶಕ್ತಿ ಅಥವಾ ಮಾದರಿ ಬದಲಿಸುವ ಮುನ್ನ ಆ ಪರವಾನಗಿ ಅದಕ್ಕೆ ಅವಕಾಶ ನೀಡುತ್ತದೆಯೇ ಎಂದು ನೋಡಬೇಕು.

27 ಮೆಗಾಹರ್ಟ್ಸ್ ಸುಮಾರಿನ ಸಿಟಿಜನ್ ಬ್ಯಾಂಡ್‌ನಲ್ಲಿಯೂ, 446.0ರಿಂದ 446.2 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿಯೂ ಅಲ್ಪಶಕ್ತಿಯ ಸೆಟ್‌ಗಳಿಗೆ ಪರವಾನಗಿಯ ವಿನಾಯಿತಿ ಇದೆ. ಆದರೆ 25 ವಾಟ್‌ನ ವಾಹನ ಸೆಟ್ ಈ ವಿನಾಯಿತಿಯೊಳಗೆ ಬರುವುದಿಲ್ಲ. ವಿನಾಯಿತಿಯುಳ್ಳ ಸೆಟ್‌ಗೂ ಉಪಕರಣದ ಮಾದರಿ ಅನುಮೋದನೆ ಇರಬೇಕು. ಈ ವಿವರಗಳನ್ನು ತಿಳಿಸದೆ ಆನ್‌ಲೈನ್‌ನಲ್ಲಿ ವಾಕಿಟಾಕಿ ಮಾರುತ್ತಿದ್ದುದರ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರಾಟ ಜಾಲತಾಣಗಳಿಗೆ ನೋಟಿಸ್ ನೀಡಿ, ಮಾರ್ಗಸೂಚಿಯನ್ನೂ ಹೊರಡಿಸಿತು. ಅಂಗಡಿಯಲ್ಲಿ ದೊರೆಯುತ್ತದೆ ಎಂಬುದು ಕಾನೂನುಬದ್ಧತೆಯ ಪ್ರಮಾಣಪತ್ರವಲ್ಲ. ಕೊಂಡವರ ಜೊತೆಗೆ ಮಾರಿದವರೂ ಉತ್ತರ ಹೇಳಬೇಕಾಗುತ್ತದೆ.

ಸಣ್ಣ ಕೈಗಾರಿಕೆಗಳಿಗೆ ಕೆಲಸ

ಸೆಟ್ ತಯಾರಿಸುವುದು ದೊಡ್ಡ ಸಂಸ್ಥೆಗಳ ಕೆಲಸವಿರಬಹುದು. ಆದರೆ ಅದನ್ನು ವಾಹನದಲ್ಲಿ ಬಾಳಿಸುವ ಬಿಡಿಭಾಗಗಳಿಗೆ ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ಆಯಾ ಜೀಪಿನ ಬಾನೆಟ್ ಅಂಚಿಗೆ ಹೊಂದುವ ತುಕ್ಕು ಹಿಡಿಯದ ಆಂಟೆನಾ ಬ್ರಾಕೆಟ್, ಕುಲುಕಾಟ ತಾಳುವ ಸೆಟ್ ಸ್ಟ್ಯಾಂಡ್, ಅಳತೆಗೆ ತಕ್ಕಂತೆ ಫ್ಯೂಸ್ ಸಹಿತ ಸಿದ್ಧಪಡಿಸಿದ ವೈರಿಂಗ್ ಜೋಡಣೆ, ನೀರು ತಡೆಯುವ ರಬ್ಬರ್ ಗ್ರೊಮೆಟ್, 24ರಿಂದ 12 ವೋಲ್ಟಿನ ಕನ್ವರ್ಟರ್ ಇವು ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳ ಕೈಗೆಟಕುವ ಸಾಮಗ್ರಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಾಮಗ್ರಿ, ಜೆ.ಸಿ. ರಸ್ತೆಯಲ್ಲಿ ವಾಹನದ ಬಿಡಿಭಾಗ ಹೀಗೆ ಬಿಡಿಬಿಡಿಯಾಗಿ ಹುಡುಕಿ ಒಟ್ಟುಗೂಡಿಸುವ ಬದಲು, ಒಂದು ಮಾದರಿಯ ವಾಹನಕ್ಕೆ ಬೇಕಾದುದೆಲ್ಲ ಒಂದೇ ಪೆಟ್ಟಿಗೆಯಲ್ಲಿ ದೊರೆತರೆ ತೋಟದ ಮೆಕ್ಯಾನಿಕ್ ಸಹ ಸರಿಯಾಗಿ ಜೋಡಿಸಬಲ್ಲ. ಅಳವಡಿಕೆಯ ನಂತರ ಮೀಟರ್ ಅಂಕಿ, ವೋಲ್ಟೇಜ್ ಬರೆದು ಸಹಿ ಮಾಡಿಕೊಡುವ ಮಾರಾಟಗಾರನ ಬಳಿಗೆ ಗ್ರಾಹಕ ಮತ್ತೆ ಬರುತ್ತಾನೆ.

ಕ್ರಮ ತಪ್ಪದಿರಲಿ

ಹೊಸ ಸೆಟ್‌ಗೆ ಬೆಲೆ ಕೇಳುವ ಮುನ್ನ ಮಾಲೀಕರು ಒಂದು ದಿನವನ್ನು ಪರೀಕ್ಷೆಗೆ ಮೀಸಲಿಡುವುದು ಒಳಿತು. ತೋಟ ಅಥವಾ ಗಣಿಯ ನಕ್ಷೆಯಲ್ಲಿ ಎಂಟು ಹತ್ತು ಸ್ಥಳಗಳನ್ನು ಗುರುತಿಸಿ, ಈಗಿರುವ ಸೆಟ್ಟಿನಿಂದ ಪ್ರತಿಯೊಂದು ಸ್ಥಳದಲ್ಲೂ ಮಾತು ಹೋಯಿತೇ, ಬಂದಿತೇ ಎಂದು ಬರೆದಿಡಬೇಕು. ಆಂಟೆನಾ, ಕೇಬಲ್ ಬದಲಿಸಿ ಅದೇ ಸ್ಥಳಗಳಲ್ಲಿ ಮತ್ತೆ ಪರೀಕ್ಷಿಸಬೇಕು. ನಂತರ ವಿದ್ಯುತ್ ತಂತಿ. ಆ ಬಳಿಕವೂ ಕೇಳಿಸದೆ ಉಳಿದ ಸ್ಥಳಗಳೆಷ್ಟು ಎಂಬುದನ್ನು ನೋಡಿ ಹೊಸ ಸೆಟ್ ಬೇಕೋ, ರಿಪೀಟರ್ ಬೇಕೋ ಎಂದು ನಿರ್ಧರಿಸಬಹುದು. ಹೊಸ ಸೆಟ್ ಕೊಂಡಾಗ ಅದರ ಚಾನೆಲ್ ಪ್ರೋಗ್ರಾಮಿನ ಪ್ರತಿಯನ್ನೂ ಪಾಸ್‌ವರ್ಡನ್ನೂ ಮಾರಾಟಗಾರನಿಂದ ಪಡೆದು ಕಚೇರಿಯಲ್ಲಿ ಇಟ್ಟುಕೊಳ್ಳತಕ್ಕದ್ದು; ಇಲ್ಲವಾದರೆ ಮುಂದೆ ಒಂದು ಚಾನೆಲ್ ಬದಲಿಸಲೂ ಅವನನ್ನೇ ಆಶ್ರಯಿಸಬೇಕಾಗುತ್ತದೆ.

ಈ ಪರೀಕ್ಷೆ ಮೇ ತಿಂಗಳಲ್ಲೇ ಮುಗಿದರೆ ಉತ್ತಮ. ಜುಲೈನ ಒಂದು ರಾತ್ರಿ ಹಳ್ಳದ ಆಚೆಯಿಂದ ಚಾಲಕ ಮೈಕ್ ಎತ್ತಿದಾಗ, ಸೆಟ್ಟಿನ ಮೇಲೆ ಎಷ್ಟು ವಾಟ್ ಎಂದು ಬರೆದಿದೆ ಎಂಬುದು ಮುಖ್ಯವಾಗುವುದಿಲ್ಲ. ಕಚೇರಿಯಲ್ಲಿ ಅವನ ಮಾತು ಕೇಳಿಸಬೇಕು, ಕಚೇರಿಯ ಉತ್ತರ ಅವನಿಗೆ ತಲುಪಬೇಕು.