ಚಿತ್ರವನ್ನು ಕಾಪಿಡುವ ಬಗೆಗಳು

ಪೆರುಂಗುಡಿಯ ನೆರೆಯ ಪಳ್ಳಿಕರಣೈ ಜೌಗುನೆಲಕ್ಕೆ 2022ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು. ಅಲ್ಲಿನ ಹಕ್ಕಿಗಳ ಚಿತ್ರವನ್ನು ನೀವು ಫೋನಿನಲ್ಲಿ ತೆಗೆದಿರಬಹುದು; ಮನೆಯಲ್ಲಿರುವ ಹಳೆಯ ಕನ್ನಡ ಪತ್ರದ ಚಿತ್ರವನ್ನೂ ತೆಗೆದಿರಬಹುದು. ಇವೆರಡನ್ನೂ ಒಂದೇ ಬಗೆಯಲ್ಲಿ ಕಾಪಿಡುವುದು ಸರಿಯೇ? ವಿಚಾರಮಾಡೋಣ.

ಕಂಪ್ಯೂಟರಿನಲ್ಲಿ ಇಂತಹ ಚಿತ್ರವೆಂದರೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು. ಎಳೆಯೆಣಿಸಿ ಹಾಕಿದ ಕಸೂತಿಯ ಹೊಲಿಗೆಗಳು ದೂರದಿಂದ ಗೋಪುರವಾಗಿ ತೋರುವಂತೆ, ಈ ಚುಕ್ಕಿಗಳು ಕೂಡಿ ಚಿತ್ರವಾಗುತ್ತವೆ. ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಉದ್ದಕ್ಕೆ 1000, ಅಗಲಕ್ಕೆ 1000 ಚುಕ್ಕಿಗಳಿದ್ದರೆ ಒಟ್ಟು 10 ಲಕ್ಷ. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಬೈಟಿನಂತೆ ಲೆಕ್ಕಹಾಕಿದರೆ 30 ಲಕ್ಷ ಬೈಟುಗಳಾದವು. ಈ ಹೊರೆಯನ್ನು ತಗ್ಗಿಸುವುದಕ್ಕಾಗಿ ನಾನಾ ರೂಪಗಳು ಹುಟ್ಟಿದವು.

1992ರಲ್ಲಿ ನಿಶ್ಚಿತವಾದ ಜೆಪೆಗ್ ರೂಪವು ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಗಳ ಚೌಕಗಳಾಗಿ ವಿಭಾಗಿಸಿ, ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಹಕ್ಕಿ, ನೀರು, ಮುಗಿಲುಗಳಿಗೆ ಇದು ಒಪ್ಪುತ್ತದೆ. ಆದರೆ ಅಕ್ಷರದ ಅಂಚಿನಲ್ಲಿ ಕಪ್ಪು ಒಮ್ಮೆಲೇ ಬಿಳುಪಾಗುವುದರಿಂದ ಅಲ್ಲಿ ಮಸುಕು ಕಾಣಿಸಿಕೊಳ್ಳುತ್ತದೆ. ತಿದ್ದಿ ತಿದ್ದಿ ಮತ್ತೆ ಜೆಪೆಗ್ ಮಾಡಿದಂತೆಲ್ಲ ನಷ್ಟವೂ ಬೆಳೆಯುತ್ತದೆ.

1987ರ ಜಿಫ್ ಒಂದು ಚಿತ್ರಕ್ಕೆ 256 ಬಣ್ಣಗಳನ್ನು ಮಾತ್ರ ಬಲ್ಲದು. ಅದರ ಸಂಕೋಚನ ವಿಧಾನಕ್ಕೆ ಪೇಟೆಂಟಿನ ತೊಡಕು ಬಂದುದರಿಂದ 1996ರಲ್ಲಿ ಪಿಎನ್‌ಜಿ ರೂಪುಗೊಂಡಿತು. ಇದು ಮರುಕಳಿಸುವುದನ್ನು ಸಂಕ್ಷೇಪವಾಗಿ ಬರೆದಿಡುತ್ತದೆಯೇ ಹೊರತು ಏನನ್ನೂ ಕಳೆಯುವುದಿಲ್ಲ. 1986ರ ಟಿಫ್ ಗಾತ್ರದಲ್ಲಿ ದೊಡ್ಡದಾದರೂ ಗ್ರಂಥಾಲಯಗಳು ಮೂಲಪ್ರತಿಯನ್ನು ಕಾಪಿಡಲು ಬಳಸುವ ರೂಪ.

ಒಮ್ಮೆ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜನ ಪತ್ರದ ಚಿತ್ರವನ್ನು ನನಗೆ ತೋರಿಸಿದನು. ಅದು ಫೋನಿನಿಂದ ಫೋನಿಗೆ ಹೋಗುತ್ತ, ಪ್ರತಿಸಲವೂ ಕುಗ್ಗಿ ಬಂದಿತ್ತು. ಅಕ್ಷರಗಳು ಹೇಗೋ ಓದಲು ಬಂದವು. ಒತ್ತುಗಳು ಮಾತ್ರ ಕಲಸಿಹೋಗಿದ್ದವು. ‘ಸತ್ಯ’, ‘ಸತ್ರ’ಗಳ ಭೇದವೆಲ್ಲ ಒತ್ತಿನಲ್ಲಿಯೇ ಅಲ್ಲವೇ? ಮೂಲ ಕಾಗದವನ್ನು ನೋಡೋಣವೆಂದರೆ ಅದು ಆಗಲೇ ಗೆದ್ದಲಿನ ಪಾಲಾಗಿತ್ತು. ಆ ಚಿತ್ರವನ್ನು ಪಿಎನ್‌ಜಿಗೆ ಬದಲಿಸಿದರೂ ಕಳೆದುಹೋದುದು ಮರಳಿ ಬರಲಾರದು.

ಆದುದರಿಂದ ಹಕ್ಕಿಯ ಚಿತ್ರವು ಜೆಪೆಗ್‌ನಲ್ಲಿರಲಿ. ಪತ್ರವನ್ನಾದರೋ ಸ್ಕ್ಯಾನ್ ಮಾಡುವಾಗಲೇ ಟಿಫ್ ಅಥವಾ ಪಿಎನ್‌ಜಿಯಲ್ಲಿ ಉಳಿಸಿ, ಹಂಚುವುದಕ್ಕೆ ಬೇರೊಂದು ಪ್ರತಿ ಮಾಡಿಕೊಳ್ಳಿರಿ. ಪರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಕನ್ನಡದ ಕೈಬರಹ ಉಳಿದಿರುವುದೇ ಸ್ವಲ್ಪ. ಅದರ ಒಂದು ಒತ್ತೂ ಅಳಿಯದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.