ಹೊಲ ಬಿಟ್ಟ ಮಣ್ಣು ಎಲ್ಲಿ ತಂಗುತ್ತದೆ?

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯುವುದನ್ನು ಎಲ್ಲರೂ ನೋಡಿದ್ದೇವೆ. ಹೊಸ ನೀರು ಬಂತೆಂದು ಹಿಗ್ಗುವುದು ರೂಢಿ. ಆದರೆ ಆ ಬಣ್ಣ ನೀರಿನದಲ್ಲ, ಹೊಲದ್ದು. ಹರಗಿ ಬಿತ್ತನೆಗೆ ಅಣಿಯಾದ ಬೋಳು ನೆಲದ ಮೇಲ್ಮಣ್ಣು ಆ ನೀರಿನೊಂದಿಗೆ ಊರು ಬಿಡುತ್ತಿರುತ್ತದೆ.

ಹೀಗೆ ಹೊರಟ ಮಣ್ಣು ನೆಟ್ಟಗೆ ಹೋಗಿ ಅಣೆಕಟ್ಟೆ ಸೇರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಮಣ್ಣಿನ ಪ್ರಯಾಣ ನಿಂತು ನಿಂತು ಸಾಗುವಂಥದು. ಜೇಡಿಯ ನಯವಾದ ಕಣಗಳು ನೀರಿನಲ್ಲಿ ತೇಲುತ್ತ ದೂರ ಹೋಗುತ್ತವೆ. ಮರಳು, ಗರಸು ತಳದಲ್ಲಿ ಉರುಳುತ್ತವೆ. ನೀರಿನ ರಭಸ ತಗ್ಗಿದಲ್ಲೆಲ್ಲ, ಅಂದರೆ ಬದುವಿನ ಬುಡದಲ್ಲಿ, ತಗ್ಗಿನ ಹೊಲದಲ್ಲಿ, ಹಳ್ಳದ ತಿರುವಿನಲ್ಲಿ ಒಂದಷ್ಟು ಇಳಿದು ಕೂರುತ್ತದೆ. ಮುಂದಿನ ಪ್ರವಾಹ ಬಂದು ಎಬ್ಬಿಸುವವರೆಗೆ ಅಲ್ಲೇ ಬಿಡಾರ. ಅದು ಮರುವರ್ಷವೇ ಇರಬಹುದು, ಐವತ್ತು ವರ್ಷಗಳ ನಂತರವೂ ಇರಬಹುದು.

ಈ ಲೆಕ್ಕವನ್ನು ಎಚ್ಚರದಿಂದ ಬರೆದಿಟ್ಟ ಜಾಗವೊಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದೆ. ಅಲ್ಲಿನ ಕೂನ್ ಕ್ರೀಕ್ ಎಂಬ ಹೊಳೆಯ ಕಣಿವೆಯಲ್ಲಿ ಬೇಸಾಯದಿಂದ ಹೊಲಗಳು ಕೊರಕಲಾಗಿದ್ದವು. 1933ರಲ್ಲಿ ಮಣ್ಣು ಸಂರಕ್ಷಣೆ ಕೆಲಸ ಆರಂಭವಾಯಿತು. ಭೂಗೋಳಶಾಸ್ತ್ರಜ್ಞ ಸ್ಟಾನ್ಲಿ ಟ್ರಿಂಬಲ್ ದಶಕಗಳ ಕಾಲ ಅಳೆದು ನೋಡಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣಿವೆಯಲ್ಲಿ ಹೂಳು ಕೂರುವ ಪ್ರಮಾಣ 1930ರ ದಶಕದಲ್ಲಿದ್ದುದರ ಶೇ 6ಕ್ಕೆ ಇಳಿದಿತ್ತು. ಆದರೂ ಮಿಸಿಸಿಪ್ಪಿ ನದಿಗೆ ಹೋಗಿ ಬೀಳುವ ಮಣ್ಣು ಹೆಚ್ಚೇನೂ ಕಡಿಮೆಯಾಗಿರಲಿಲ್ಲ! ಹೊಲದ ಸವೆತ ನಿಂತರೂ ಅಜ್ಜಂದಿರ ಕಾಲದಲ್ಲಿ ದಡದಲ್ಲಿ ಕೂತ ಮಣ್ಣನ್ನು ಹೊಳೆ ಕೊರೆದು ಸಾಗಿಸುತ್ತಿತ್ತು.

ನಮ್ಮ ತುಂಗಭದ್ರಾ ಜಲಾಶಯದ ಹೂಳಿನ ಮಾತು ಬಂದಾಗ ಇದನ್ನು ನೆನೆಯಬೇಕು. ಇದರ ಜಲಾನಯನ ಪ್ರದೇಶ ಸುಮಾರು 28 ಸಾವಿರ ಚದರ ಕಿ.ಮೀ. ಮಲೆನಾಡಿನ ಕಾಡು ದಾಟಿದರೆ ದಾವಣಗೆರೆ, ಹಾವೇರಿ ಕಡೆಯ ಉಳುವ ನೆಲವೇ ಹೆಚ್ಚು. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯಲ್ಲಿ 105.79ಕ್ಕೆ ಇಳಿದಿತ್ತು. (2008ರ ಸಮೀಕ್ಷೆ ಸುಮಾರು 101 ಎಂದಿತ್ತು. ನಡುವೆ ಹೂಳೇನೂ ಕರಗಲಿಲ್ಲ, ಅಳತೆಯ ಕ್ರಮ ಬೇರೆ.) ಕಳೆದುಹೋದ 27 ಟಿಎಂಸಿ ಅಡಿ ಎಂದರೆ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ರಾಯಚೂರು ಜಿಲ್ಲೆಯ ರೈತನಿಗೆ ಎರಡನೇ ಬೆಳೆಯ ಪ್ರಶ್ನೆ.

ಹೂಳು ಎತ್ತಿದರಾಯಿತಲ್ಲ ಎನ್ನುವವರಿದ್ದಾರೆ. 2017ರ ಬೇಸಿಗೆಯಲ್ಲಿ ರೈತರೇ ಜಲಾಶಯದ ಅಂಗಳಕ್ಕಿಳಿದು ಹೂಳೆತ್ತಿದ್ದೂ ಉಂಟು. ಅವರ ಸಂಕಟ ನಿಜ, ಲೆಕ್ಕ ಮಾತ್ರ ನಿಷ್ಠುರ. 27 ಟಿಎಂಸಿ ಅಡಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಲಾರಿಗೆ ಹತ್ತು ಘನ ಮೀಟರ್‌ನಂತೆ ದಿನಕ್ಕೆ ಸಾವಿರ ಲೋಡ್ ಸಾಗಿಸಿದರೂ ಇನ್ನೂರು ವರ್ಷ ಮೀರುತ್ತದೆ. ಅಷ್ಟು ಮಣ್ಣನ್ನು ಸುರಿಯುವುದೆಲ್ಲಿ?

ಹಿಂದಿನವರು ಈ ಮಣ್ಣನ್ನು ದೊಡ್ಡ ನದಿ ಸೇರುವ ಮೊದಲೇ ಹಿಡಿಯುತ್ತಿದ್ದರು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗುವ ಕೆರೆಸಾಲುಗಳಲ್ಲಿ ಮೇಲಿನ ಕೆರೆಯೇ ಹೆಚ್ಚಿನ ಹೂಳನ್ನು ತಡೆಯುತ್ತಿತ್ತು. ಕೆರೆಯ ದುರಸ್ತಿಗೆಂದು ಭೂಮಿ ಬಿಟ್ಟುಕೊಟ್ಟ ವಿಷಯ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿ ಗೋಡು ಹೇರಿ ಹೊಲಕ್ಕೆ ಹರಡುವುದು ಸೇವೆಯೂ ಹೌದು, ಗೊಬ್ಬರವೂ ಹೌದು. ಮಸಾರಿ ನೆಲಕ್ಕೆ ಬಿದ್ದ ಗೋಡು ತೇವ ಹಿಡಿಯುತ್ತದೆ. ಒಂದು ಅರ್ಥದಲ್ಲಿ ಅದು ಮೇಲಿನ ಹೊಲಗಳಿಂದ ತಪ್ಪಿಸಿಕೊಂಡ ಮಣ್ಣೇ.

ಈಗ ಗಾಡಿಯ ಜಾಗಕ್ಕೆ ಜೆಸಿಬಿ, ಟ್ರ್ಯಾಕ್ಟರ್ ಬಂದಿವೆ. ಕೆಲವೆಡೆ ಗೋಡು ಹೊಲಕ್ಕೆ ಹೋಗದೆ ಇಟ್ಟಿಗೆ ಗೂಡಿಗೆ ಹೋಗುತ್ತದೆ. ಇನ್ನು ಕೆಲವೆಡೆ ತೂಬಿನ ಮಟ್ಟಕ್ಕಿಂತ ಕೆಳಕ್ಕೆ ಅಗೆದು ಬಿಡುತ್ತಾರೆ. ಆ ಗುಂಡಿಯಲ್ಲಿ ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿಗೆ ದಕ್ಕಬಹುದು; ಪಂಪು ಇಡದೆ ಕಾಲುವೆಗೆ ಮಾತ್ರ ಹರಿಯದು.